ಕಪ್ಪು ಹುಲಿಗಳ ಕಾಡಿಗೆ ಹೊರಗಿನ ಹುಲಿ ಯಾಕೆ ಬೇಕು?

2024ರ ಡಿಸೆಂಬರ್‌ನಲ್ಲಿ ಜೀನತ್ ಎಂಬ ಹೆಣ್ಣು ಹುಲಿ ಮೂರು ರಾಜ್ಯಗಳ ಅರಣ್ಯ ಸಿಬ್ಬಂದಿಯ ನಿದ್ದೆ ಕೆಡಿಸಿತ್ತು. ಮಹಾರಾಷ್ಟ್ರದ ತಡೋಬಾ ಕಾಡಿನಿಂದ ಅದನ್ನು ಒಡಿಶಾದ ಸಿಮಿಲಿಪಾಲ್‌ಗೆ ತಂದು ಬಿಟ್ಟು ಕೆಲವೇ ದಿನ ಆಗಿತ್ತು. ಅಷ್ಟರಲ್ಲಿ ಅದು ಗಡಿ ದಾಟಿ ಜಾರ್ಖಂಡ್‌ಗೆ ಹೋಯಿತು. ಅಲ್ಲಿಂದ ಪಶ್ಚಿಮ ಬಂಗಾಳದ ಝಾರ್‌ಗ್ರಾಮ್, ಪುರುಲಿಯಾ, ಕೊನೆಗೆ ಬಾಂಕುಡಾ. ಕೊರಳಲ್ಲಿ ರೇಡಿಯೊ ಕಾಲರ್ ಇದ್ದರೂ ಹಿಡಿಯುವುದು ಸುಲಭವಾಗಲಿಲ್ಲ. ಡಿಸೆಂಬರ್ 29ರಂದು ಅರಿವಳಿಕೆ ಕೊಟ್ಟು ಹಿಡಿದರು. ಆಮೇಲೆ ಮತ್ತೆ ಸಿಮಿಲಿಪಾಲ್‌ಗೇ ತಂದರು. ಜೀನತ್‌ಗಿಂತ ಸ್ವಲ್ಪ ಮೊದಲು, ತಡೋಬಾದಿಂದಲೇ ಬಂದಿದ್ದ ಜಮುನಾ ಎಂಬ ಇನ್ನೊಂದು ಹೆಣ್ಣು ಹುಲಿಯನ್ನೂ ಅದೇ ಕಾಡಿಗೆ ಬಿಟ್ಟಿದ್ದರು.

ಈ ಸುದ್ದಿ ಓದಿದವರಲ್ಲಿ ಎರಡು ಪ್ರಶ್ನೆ ಎದ್ದವು. ಸಿಮಿಲಿಪಾಲ್‌ನಲ್ಲಿ ಹುಲಿಗಳೇನೂ ಕಡಿಮೆಯಾಗುತ್ತಿಲ್ಲವಲ್ಲ? 2022ರ ರಾಷ್ಟ್ರೀಯ ಗಣತಿ ಅಲ್ಲಿ 16 ಹುಲಿಗಳನ್ನು ಲೆಕ್ಕ ಹಾಕಿತ್ತು. 2023-24ರಲ್ಲಿ ಒಡಿಶಾ ಸರ್ಕಾರ ತಾನೇ ಎಣಿಸಿದಾಗ 27 ಸಿಕ್ಕವು. ಎಣಿಕೆಯ ಕ್ರಮ ಬೇರೆ ಇರಬಹುದು, ಆದರೆ ಸಂಖ್ಯೆ ಏರುಮುಖವಾಗಿದೆ ಅನ್ನುವುದರಲ್ಲಿ ಅನುಮಾನವಿಲ್ಲ. ಎರಡನೆಯದು ಇನ್ನೂ ಗಟ್ಟಿಯಾದ ಪ್ರಶ್ನೆ. ಕಪ್ಪು ಹುಲಿಗಳು ಪ್ರಪಂಚದಲ್ಲಿ ಕಾಡಿನಲ್ಲಿ ಕಾಣುವುದು ಇಲ್ಲಿ ಮಾತ್ರ. ಅಂಥ ಅಪರೂಪದ ಗುಂಪಿಗೆ ಹೊರಗಿನ ಹುಲಿಗಳನ್ನು ತಂದು ಬೆರೆಸುವುದು ಯಾಕೆ?

ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಉತ್ತರ ಹುಲಿಗಳ ಸಂಖ್ಯೆಯಲ್ಲಿಲ್ಲ. ಆ ಹುಲಿಗಳು ಒಂದಕ್ಕೊಂದು ಎಷ್ಟು ಹತ್ತಿರದ ನೆಂಟರು ಅನ್ನುವುದರಲ್ಲಿದೆ.

ಕಪ್ಪು ಬಣ್ಣ ಏನು ಹೇಳುತ್ತದೆ

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಕಬಿನಿಯ ಕರಿಚಿರತೆಯ ಫೋಟೊ ನೋಡದ ಕನ್ನಡಿಗರು ಕಡಿಮೆ. ಸಿಮಿಲಿಪಾಲ್‌ನ ಕಪ್ಪು ಹುಲಿ ಆ ಜಾತಿಯ ಕಪ್ಪಲ್ಲ. ಕರಿಚಿರತೆಯ ಮೈ ಪೂರ್ತಿ ಕಪ್ಪು. ಪಶ್ಚಿಮ ಘಟ್ಟದಿಂದ ಮಲೇಷ್ಯಾದವರೆಗೆ ಬೇರೆ ಬೇರೆ ಕಾಡುಗಳಲ್ಲಿ ಕರಿಚಿರತೆಗಳಿವೆ. ಅದಕ್ಕೆ ಕಾರಣವಾದ ಜೀನ್ ಕೂಡ ಬೇರೆ. ಸಿಮಿಲಿಪಾಲ್ ಹುಲಿಯಲ್ಲಿ ಪಟ್ಟೆಗಳು ಅಗಲವಾಗಿ, ಒಂದರೊಳಗೊಂದು ಸೇರಿಕೊಂಡು, ನಡುವಿನ ಕಿತ್ತಳೆ ಬಣ್ಣವನ್ನು ನುಂಗಿಹಾಕುತ್ತವೆ. ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ಕಿತ್ತಳೆ ಗೆರೆ ಕಾಣುತ್ತದೆ.

ಇದರ ಹಿಂದಿನ ಕಾರಣವನ್ನು ಕಂಡುಹಿಡಿದದ್ದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ ಉಮಾ ರಾಮಕೃಷ್ಣನ್ ಅವರ ತಂಡ, ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿ. ಅಧ್ಯಯನ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಟ್ಯಾಕ್‌ಪೆಪ್ ಎಂಬ ಜೀನ್‌ನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿದೆ, ಅಷ್ಟೇ. ಮನೆಬೆಕ್ಕುಗಳ ಮೈಮೇಲೆ ಪಟ್ಟೆಯ ಬದಲು ದಪ್ಪ ಸುರುಳಿ ಮೂಡುವುದಕ್ಕೂ, ಆಫ್ರಿಕಾದ ಕೆಲವು ಚೀತಾಗಳಿಗೆ ಚುಕ್ಕೆಯ ಜಾಗದಲ್ಲಿ ದೊಡ್ಡ ಮಚ್ಚೆ ಬರುವುದಕ್ಕೂ ಇದೇ ಜೀನ್ ಕಾರಣ.

ಪ್ರತಿ ಹುಲಿಯಲ್ಲೂ ಈ ಜೀನ್‌ನ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯಿಂದ, ಒಂದು ತಂದೆಯಿಂದ. ಎರಡೂ ಬದಲಾದ ಪ್ರತಿಗಳಾದರೆ ಮಾತ್ರ ಹುಲಿ ಕಪ್ಪಗೆ ಕಾಣುತ್ತದೆ. ಒಂದೇ ಬದಲಾಗಿದ್ದರೆ ಹುಲಿ ಮಾಮೂಲಿ ಪಟ್ಟೆಯದ್ದೇ, ಆದರೆ ಆ ಬದಲಾವಣೆಯನ್ನು ಮರಿಗಳಿಗೆ ದಾಟಿಸಬಲ್ಲದು. ಸಿಮಿಲಿಪಾಲ್‌ನಲ್ಲಿ ಪರೀಕ್ಷಿಸಿದ 12 ಹುಲಿಗಳಲ್ಲಿ 10ರಲ್ಲಿ ಒಂದಾದರೂ ಬದಲಾದ ಪ್ರತಿ ಇತ್ತು. ಎಲ್ಲ ಪ್ರತಿಗಳನ್ನೂ ಒಟ್ಟು ಸೇರಿಸಿದರೆ ನೂರರಲ್ಲಿ 58 ಬದಲಾದವು. ಹಾಗಾದರೆ ಎರಡೂ ಪ್ರತಿ ಬದಲಾಗಿರುವ ಸಾಧ್ಯತೆ ಎಷ್ಟು? 0.58ನ್ನು 0.58ರಿಂದ ಗುಣಿಸಿ. ಸುಮಾರು 0.34. ಅಂದರೆ ಮೂರು ಹುಲಿಗಳಲ್ಲಿ ಒಂದು ಕಪ್ಪಾಗಿರಬೇಕು. ಕ್ಯಾಮೆರಾ ಚಿತ್ರಗಳಲ್ಲಿ ಕಂಡ ಪ್ರಮಾಣವೂ ಅದಕ್ಕೆ ಹತ್ತಿರವೇ ಇತ್ತು, ನೂರಕ್ಕೆ 37. ಆಮೇಲಿನ ಗಣತಿಗಳಲ್ಲಿ ಪಾಲು ಇನ್ನೂ ಜಾಸ್ತಿಯಾಗಿ ಕಂಡಿದೆ. 2022ರಲ್ಲಿ 16ರಲ್ಲಿ 10. 2023-24ರಲ್ಲಿ 27ರಲ್ಲಿ 13.

ದೇಶದ ಬೇರೆ ಕಾಡುಗಳ ಹುಲಿಗಳಲ್ಲಿ ಹುಡುಕಿದರೆ ಈ ಬದಲಾವಣೆ ಸಿಗಲೇ ಇಲ್ಲ. ವಿಷಯದ ತಿರುಳು ಇರುವುದು ಇಲ್ಲೇ. ಒಂದು ಅಪರೂಪದ ಬದಲಾವಣೆ ಇಡೀ ದೇಶದಲ್ಲಿ ಸೊನ್ನೆ, ಒಂದೇ ಕಾಡಿನಲ್ಲಿ ಅರ್ಧಕ್ಕಿಂತ ಜಾಸ್ತಿ. ಇಂಥದ್ದು ಆಗಬೇಕಾದರೆ ಆ ಕಾಡಿನ ಹುಲಿಗಳೆಲ್ಲ ಬೆರಳೆಣಿಕೆಯ ಪೂರ್ವಜರಿಂದ ಬಂದಿರಬೇಕು. ಆಮೇಲೆ ಹೊರಗಿನಿಂದ ಯಾವ ಹುಲಿಯೂ ಬಂದು ಕೂಡಿರಬಾರದು. ಕಪ್ಪು ಬಣ್ಣ ತಾನಾಗಿ ರೋಗವಲ್ಲ. ಅದರಿಂದ ಹುಲಿಗೆ ತೊಂದರೆ ಇದೆ ಎಂದು ಯಾರೂ ತೋರಿಸಿಲ್ಲ. ಆದರೆ ಈ ಗುಂಪು ಎಷ್ಟು ಕಾಲದಿಂದ ಒಂಟಿಯಾಗಿದೆ ಅನ್ನುವುದು ಬರಿಗಣ್ಣಿಗೆ ಕಾಣುತ್ತಿರುವುದು ಈ ಬಣ್ಣದಿಂದ.

ಸಣ್ಣ ಗುಂಪಿನ ಕಷ್ಟ

ಬಣ್ಣದ ಜೀನ್‌ಗೆ ಆದದ್ದು ಬೇರೆ ಸಾವಿರಾರು ಜೀನ್‌ಗಳಿಗೂ ಆಗಿರುತ್ತದೆ. ನಮಗೆ ಕಾಣುವುದಿಲ್ಲ, ಅಷ್ಟೇ.

ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಹತ್ತಿರದ ಸಂಬಂಧ ಬೇಡ ಎಂದು ವೈದ್ಯರು ಹೇಳುವುದೂ ಹೊಸದಲ್ಲ. ಹುಲಿಗಳ ವಿಷಯದಲ್ಲೂ ಕಾರಣ ಅದೇ. ಪ್ರತಿ ಜೀವಿಯೂ ಕೆಲವು ದೋಷದ ಜೀನ್‌ಗಳನ್ನು ಹೊತ್ತಿರುತ್ತದೆ. ಇನ್ನೊಂದು ಪ್ರತಿ ಸರಿಯಿರುವ ತನಕ ಆ ದೋಷ ಸದ್ದಿಲ್ಲದೆ ಇರುತ್ತದೆ. ಒಂದೇ ಕುಟುಂಬದೊಳಗೆ ಸಂಬಂಧವಾದರೆ ಇಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ ಜಾಸ್ತಿ. ಮಗುವಿಗೆ ಎರಡೂ ಕಡೆಯಿಂದ ಅದೇ ಬಂದರೆ ದೋಷ ಹೊರಬೀಳುತ್ತದೆ. ಮನುಷ್ಯರಿಗೆ ಬೇರೆ ಸಂಬಂಧ ಹುಡುಕುವ ದಾರಿಯಿದೆ. ಸುತ್ತ ಹೊಲ, ಊರು, ಗಣಿ, ರಸ್ತೆ ತುಂಬಿಕೊಂಡ ಕಾಡಿನೊಳಗಿನ ಹುಲಿಗೆ ಆ ದಾರಿ ಇಲ್ಲ.

ಎರಡನೇ ಕಷ್ಟ ಸ್ವಲ್ಪ ನಿಧಾನಕ್ಕೆ ಕೆಲಸ ಮಾಡುತ್ತದೆ. ಸಣ್ಣ ಗುಂಪಿನಲ್ಲಿ ಯಾವ ಜೀನ್ ಮುಂದಿನ ತಲೆಮಾರಿಗೆ ದಾಟುತ್ತದೆ ಅನ್ನುವುದು ಅದೃಷ್ಟದ ಮೇಲೆ ನಿಂತಿರುತ್ತದೆ. ಒಂದು ಒಳ್ಳೆಯ ಜೀನ್ ಇರುವ ಹುಲಿ ಉರುಳಿಗೆ ಸಿಕ್ಕಿ ಸತ್ತರೆ ಆ ಜೀನ್ ಆ ಕಾಡಿನಿಂದಲೇ ಹೋಯಿತು. ನಾನೂರು ಹುಲಿಗಳ ಕಾಡಿನಲ್ಲಿ ಅದೇ ಜೀನ್ ಇನ್ಯಾವುದರಲ್ಲೋ ಉಳಿದಿರುತ್ತದೆ. ಈ ನಷ್ಟಕ್ಕೆ ಒಂದು ಸರಳ ಲೆಕ್ಕ ಇದೆ. ನಿಜವಾಗಿ ಮರಿ ಹಾಕುವ ಹುಲಿಗಳು 10 ಅಂದುಕೊಳ್ಳಿ. ಒಂದೊಂದರಲ್ಲೂ ಜೀನ್‌ನ ಎರಡು ಪ್ರತಿ, ಒಟ್ಟು 20. ಪ್ರತಿ ತಲೆಮಾರಿಗೆ ಜೀನ್‌ಗಳ ವೈವಿಧ್ಯದ 20ರಲ್ಲಿ ಒಂದು ಪಾಲು, ಅಂದರೆ ನೂರಕ್ಕೆ 5, ಕಳೆದುಹೋಗುತ್ತದೆ. ಹತ್ತು ತಲೆಮಾರಿನಲ್ಲಿ ಉಳಿಯುವುದು ನೂರಕ್ಕೆ ಸುಮಾರು 60. ಹುಲಿಯ ಒಂದು ತಲೆಮಾರು ಸುಮಾರು ಐದು ವರ್ಷ ಎಂದರೆ ಇದೆಲ್ಲ ಐವತ್ತು ವರ್ಷದ ಮಾತು. ಇದೇ ಲೆಕ್ಕವನ್ನು 200 ಹುಲಿಗಳಿಗೆ ಹಾಕಿದರೆ ಅದೇ ಐವತ್ತು ವರ್ಷದಲ್ಲಿ ಹೋಗುವುದು ನೂರಕ್ಕೆ ಎರಡೂವರೆ ಮಾತ್ರ.

ಗಣತಿಯ ಸಂಖ್ಯೆ ನಮ್ಮನ್ನು ದಾರಿ ತಪ್ಪಿಸುವುದು ಇಲ್ಲಿಯೇ. 16 ಇದ್ದದ್ದು 27 ಆದರೆ ಸಂತೋಷವೇ. ಬೇಟೆ ತಡೆದದ್ದಕ್ಕೆ, ಕಾವಲು ಬಿಗಿ ಮಾಡಿದ್ದಕ್ಕೆ ಸಿಕ್ಕ ಫಲ ಅದು. ಆದರೆ ಆ 27 ಅದೇ 16ರ ಮಕ್ಕಳು, ಮೊಮ್ಮಕ್ಕಳಾದರೆ ಕಾಡಿಗೆ ಹೊಸ ಜೀನ್ ಒಂದೂ ಬಂದಂತಾಗಲಿಲ್ಲ.

ರೋಗ ಬಂದ ದಿನ

ವೈವಿಧ್ಯ ಕಡಿಮೆಯಾದ ಗುಂಪು ವರ್ಷಗಟ್ಟಲೆ ಚೆನ್ನಾಗಿಯೇ ಕಾಣಬಹುದು. ಪರೀಕ್ಷೆ ಬರುವುದು ಹೊಸ ರೋಗ ಕಾಲಿಟ್ಟಾಗ. ರೋಗ ತಡೆಯುವ ಶಕ್ತಿಗೆ ಕಾರಣವಾದ ಜೀನ್‌ಗಳು ಪ್ರಾಣಿಯಿಂದ ಪ್ರಾಣಿಗೆ ಬೇರೆಯಾಗಿದ್ದರೆ, ಒಂದು ವೈರಸ್ ಕೆಲವನ್ನು ಕೊಂದರೂ ಕೆಲವು ಬದುಕುತ್ತವೆ. ಎಲ್ಲವೂ ಒಂದೇ ಥರ ಇದ್ದರೆ ಒಂದನ್ನು ಸೋಲಿಸಿದ ವೈರಸ್ ಎಲ್ಲವನ್ನೂ ಸೋಲಿಸಬಹುದು.

ಚೀತಾಗಳಲ್ಲಿ ಇದು ಕಣ್ಣೆದುರೇ ನಡೆಯಿತು. 1980ರ ದಶಕದ ಶುರುವಿನಲ್ಲಿ ಅಮೆರಿಕದ ಓರೆಗಾನ್‌ನ ಒಂದು ವನ್ಯಜೀವಿ ಉದ್ಯಾನಕ್ಕೆ ಬೆಕ್ಕುಗಳ ಕೊರೊನಾ ವೈರಸ್ ಬಂತು. ಮನೆಬೆಕ್ಕುಗಳಲ್ಲಿ ಆ ವೈರಸ್‌ನಿಂದ ಸಾಯುವುದು ಕಡಿಮೆ. ಅಲ್ಲಿನ ಚೀತಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಅದೇ ಸಮಯದಲ್ಲಿ ವಿಜ್ಞಾನಿಗಳು ಒಂದು ಚೀತಾದ ಚರ್ಮದ ತುಣುಕನ್ನು ಸಂಬಂಧವೇ ಇಲ್ಲದ ಇನ್ನೊಂದಕ್ಕೆ ಕಸಿ ಮಾಡಿ ನೋಡಿದ್ದರು. ಅದರ ದೇಹ ಆ ಚರ್ಮವನ್ನು ಪರಕೀಯ ಎಂದು ತಳ್ಳಿಹಾಕಲೇ ಇಲ್ಲ. ಅಷ್ಟು ಒಂದೇ ಥರ ಇದ್ದವು ಅವುಗಳ ಜೀನ್‌ಗಳು.

ನಮ್ಮ ಗಿರ್ ಸಿಂಹಗಳ ವಿಷಯ ಇನ್ನೂ ಆತಂಕದ್ದು. ನೂರು ಚಿಲ್ಲರೆ ವರ್ಷಗಳ ಹಿಂದೆ ಕೆಲವೇ ಡಜನ್‌ಗೆ ಇಳಿದಿದ್ದ ಗುಂಪು ಈಗ 2025ರ ಗಣತಿಯಲ್ಲಿ 891ಕ್ಕೆ ಏರಿದೆ. ಆದರೆ ಎಲ್ಲವೂ ಆ ಕೆಲವೇ ಡಜನ್‌ನ ಸಂತತಿ. ಎಲ್ಲವೂ ಗುಜರಾತಿನ ಒಂದೇ ಭಾಗದಲ್ಲಿವೆ. 2018ರ ಸೆಪ್ಟೆಂಬರ್‌ನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ನಾಯಿಗಳ ಡಿಸ್ಟೆಂಪರ್ ವೈರಸ್ ಪತ್ತೆಯಾಯಿತು. ಇದೇ ವೈರಸ್ 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯ ಸಿಂಹಗಳಲ್ಲಿ ಮೂರನೇ ಒಂದು ಭಾಗವನ್ನು ಕೊಂದಿತ್ತು. ವೈವಿಧ್ಯ ಇದ್ದ ಮಾತ್ರಕ್ಕೆ ರೋಗ ಬರುವುದಿಲ್ಲ ಎಂದಲ್ಲ. ಆದರೆ ಸೆರೆಂಗೆಟಿಯಲ್ಲಿ ಉಳಿದ ಸಾವಿರಾರು ಸಿಂಹಗಳು ಮತ್ತೆ ಚೇತರಿಸಿಕೊಂಡವು. ಗಿರ್ ಸಿಂಹಗಳಿಗೆ ಇನ್ನೊಂದು ಮನೆ ಬೇಕು, ಕುನೊ ಕಾಡಿಗೆ ಕೆಲವನ್ನು ಕಳಿಸಿ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶ ಕೊಟ್ಟಿತ್ತು. ಕಳಿಸಲಿಲ್ಲ. ಇದು ನಿಜಕ್ಕೂ ನೋವಿನ ಸಂಗತಿ.

ಫ್ಲೋರಿಡಾದಲ್ಲಿ ಮಾಡಿ ನೋಡಿದ್ದು

ಹೊರಗಿನ ಹೆಣ್ಣುಗಳನ್ನು ತಂದು ಬೆರೆಸುವ ಉಪಾಯ ಜೀನತ್‌ನಿಂದ ಶುರುವಾದದ್ದಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಪ್ಯಾಂಥರ್ ಎಂದು ಕರೆಯುವ ಪ್ಯೂಮಾಗಳಿವೆ, ಬೆಕ್ಕಿನ ಜಾತಿಯ ದೊಡ್ಡ ಕಾಡುಪ್ರಾಣಿಗಳು. 1990ರ ದಶಕದ ಹೊತ್ತಿಗೆ ಅವು 20ರಿಂದ 30ಕ್ಕೆ ಇಳಿದಿದ್ದವು. ಬಾಲದ ತುದಿ ಸೊಟ್ಟ, ಹೃದಯದಲ್ಲಿ ರಂಧ್ರ, ಗಂಡುಗಳಲ್ಲಿ ವೃಷಣ ಕೆಳಗಿಳಿಯದೆ ಒಳಗೇ ಉಳಿಯುವುದು, ವೀರ್ಯ ಕೆಟ್ಟಿರುವುದು. ಎಲ್ಲವೂ ಹತ್ತಿರದ ಸಂಬಂಧದ ಗುರುತುಗಳು. 1995ರಲ್ಲಿ ಟೆಕ್ಸಾಸ್‌ನಿಂದ 8 ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಅವುಗಳಲ್ಲಿ 5 ಮರಿ ಹಾಕಿದವು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಸಂಖ್ಯೆ ಮೂರು ಪಟ್ಟಾಯಿತು. ಸೊಟ್ಟ ಬಾಲ, ಹೃದಯದ ದೋಷ ಕಡಿಮೆಯಾದವು. ಕೆಲಸ ಮುಗಿದ ಮೇಲೆ ಉಳಿದಿದ್ದ ಟೆಕ್ಸಾಸ್ ಹೆಣ್ಣುಗಳನ್ನು ಅಲ್ಲಿಂದ ತೆಗೆದರು. ತಡೋಬಾದಿಂದ ಹೆಣ್ಣುಗಳನ್ನೇ ಆರಿಸಿದ್ದಕ್ಕೂ ಕಾರಣವಿದೆ. ಹೊಸ ಗಂಡು ಬಂದರೆ ಇರುವ ಗಂಡುಗಳ ಜೊತೆ ಜಗಳ, ಸಾವು. ಹೆಣ್ಣಿಗೆ ಜಾಗ ಸಿಗುವುದು ಅದಕ್ಕಿಂತ ಸುಲಭ.

ಇನ್ನೊಂದು ಕಥೆ ಅಷ್ಟು ಸುಖವಾಗಿ ಮುಗಿಯುವುದಿಲ್ಲ. ಅಮೆರಿಕದ ಸುಪೀರಿಯರ್ ಸರೋವರದ ನಡುವೆ ಐಲ್ ರಾಯಲ್ ಎಂಬ ದ್ವೀಪವಿದೆ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದರೆ ಮಾತ್ರ ತೋಳಗಳು ಅಲ್ಲಿಗೆ ದಾಟಬಹುದು. 1997ರಲ್ಲಿ ಒಂದು ಗಂಡು ತೋಳ ಹಾಗೆ ದಾಟಿ ಬಂತು. ಅದರ ಮರಿಗಳು ಗಟ್ಟಿಯಾಗಿದ್ದವು. ಆದರೆ ಸ್ವಲ್ಪ ವರ್ಷಗಳಲ್ಲಿ ದ್ವೀಪದ ತೋಳಗಳೆಲ್ಲ ಅದರ ಸಂತಾನವೇ ಆದವು. ಮತ್ತೆ ಒಳಗೊಳಗೇ ಸಂಬಂಧ, ಬೆನ್ನುಮೂಳೆಯ ದೋಷ. 2018ರ ಹೊತ್ತಿಗೆ ಉಳಿದದ್ದು ಎರಡೇ ತೋಳ. ಅವೂ ತಂದೆ ಮಗಳು. ಕೊನೆಗೆ ಹೊರಗಿನಿಂದ 19 ತೋಳಗಳನ್ನು ಸಾಗಿಸಬೇಕಾಯಿತು. ಒಂದು ಪ್ರಾಣಿ, ಒಂದು ಸಲ ಬಂದರೆ ಸಾಲದು. ಬರುತ್ತಲೇ ಇರಬೇಕು. ತಲೆಮಾರಿಗೆ ಒಂದಾದರೂ ಹೊರಗಿನ ಪ್ರಾಣಿ ಬಂದು ಮರಿ ಹಾಕಬೇಕು ಎಂಬುದು ವಿಜ್ಞಾನಿಗಳು ಹೇಳುವ ಕನಿಷ್ಠ ಲೆಕ್ಕ.

ಬೇಡ ಎನ್ನುವವರ ಮಾತು

ವಿರೋಧ ಸುಮ್ನೆ ಹುಟ್ಟಿದ್ದಲ್ಲ. ಒಂದು ವಾದ ಹೀಗಿದೆ: ಸಿಮಿಲಿಪಾಲ್ ದಟ್ಟವಾದ, ನೆರಳಿನ ಕಾಡು. ಕಪ್ಪು ಮೈ ಅಲ್ಲಿ ಮರೆಯಾಗಲು ಅನುಕೂಲ ಆಗಿರಬಹುದು. ಹಾಗಾದರೆ ಅದು ಆ ಜಾಗಕ್ಕೆ ಒಗ್ಗಿಕೊಂಡ ಗುಣ, ಅದನ್ನು ಯಾಕೆ ಕಲಕಬೇಕು? ಬೆಂಗಳೂರಿನ ತಂಡ ಇದನ್ನು ತಳ್ಳಿಹಾಕಿಲ್ಲ. ಆದರೆ ಸಣ್ಣ ಗುಂಪು ಮತ್ತು ಅದೃಷ್ಟ, ಇವೆರಡೇ ಈ ಪ್ರಮಾಣವನ್ನು ವಿವರಿಸಲು ಸಾಕು ಎಂದು ಅವರ ಲೆಕ್ಕ ತೋರಿಸಿತು. ಬಣ್ಣ ಅನುಕೂಲವೇ ಆಗಿದ್ದರೆ ಹೊಸ ರಕ್ತ ಸೇರಿದ ಮೇಲೂ ಅದು ತಾನಾಗಿ ಉಳಿದುಕೊಳ್ಳುತ್ತದೆ, ಅಲ್ವಾ?

ಇನ್ನೊಂದು ವಾದ ವಿಜ್ಞಾನಿಗಳ ನಡುವಿನದೇ. ಬಹಳ ಕಾಲ ಸಣ್ಣದಾಗಿದ್ದ ಗುಂಪಿನಲ್ಲಿ ಕೆಟ್ಟ ದೋಷಗಳಿರುವ ಮರಿಗಳು ಸತ್ತು ಸತ್ತು ಆ ದೋಷಗಳೇ ತೊಳೆದುಹೋಗಿರಬಹುದು. ದೊಡ್ಡ ಗುಂಪಿನಿಂದ ಪ್ರಾಣಿ ತಂದರೆ ಅಡಗಿದ್ದ ಹೊಸ ದೋಷಗಳೂ ಜೊತೆಗೆ ಬರುತ್ತವೆ ಎಂಬ ಭಯ ಇದು. ಹೊರಗಿನಿಂದ ಬಂದ ತೋಳದ ಸಂತಾನದಲ್ಲೇ ದೋಷ ಕಂಡಿತಲ್ಲ ಎಂದು ಐಲ್ ರಾಯಲ್‌ನ ಕಥೆಯನ್ನು ಇವರೂ ಉದಾಹರಣೆಯಾಗಿ ಕೊಡುತ್ತಾರೆ. ಭಾರತದ ಹುಲಿಗಳ ಮೇಲೆ 2021ರ ಡಿಸೆಂಬರ್‌ನಲ್ಲಿ ಇದೇ ಬೆಂಗಳೂರು ತಂಡದಿಂದ ಬಂದ ಇನ್ನೊಂದು ಅಧ್ಯಯನ ಎರಡೂ ಕಡೆ ಸ್ವಲ್ಪ ಸತ್ಯ ಇದೆ ಎಂದು ತೋರಿಸಿತು. ರಾಜಸ್ಥಾನದ ರಣಥಂಬೋರ್‌ನಂಥ ಒಂಟಿ ಗುಂಪಿನಲ್ಲಿ ತೀರಾ ಕೆಟ್ಟ ದೋಷಗಳು ಕಡಿಮೆಯಾಗಿದ್ದವು. ಆದರೆ ಉಳಿದ ದೋಷಗಳು ಗುಂಪಿನಲ್ಲಿ ಹರಡಿಕೊಂಡು, ಎರಡೂ ಪ್ರತಿಗಳಲ್ಲಿ ಕೂತಿದ್ದವು. ಅಂದರೆ ತೊಳೆಯುವಿಕೆ ಅರ್ಧಕ್ಕೇ ನಿಂತಿದೆ. ಹಾಗಾಗಿ ಹೊಸ ರಕ್ತದ ಲಾಭವೇ ದೊಡ್ಡದು ಎಂಬ ಕಡೆಗೆ ನನ್ನ ಒಲವು.

ಮೂರನೆಯದು ಜನರ ವಾದ. ನನಗೆ ಇದೇ ಎಲ್ಲಕ್ಕಿಂತ ಭಾರವಾಗಿ ಕಾಣುತ್ತದೆ. 2018ರಲ್ಲಿ ಒಡಿಶಾದ್ದೇ ಸಾತ್‌ಕೋಸಿಯಾ ಕಾಡಿಗೆ ಮಧ್ಯಪ್ರದೇಶದಿಂದ ಮಹಾವೀರ್ ಎಂಬ ಗಂಡು, ಸುಂದರಿ ಎಂಬ ಹೆಣ್ಣು ಹುಲಿಯನ್ನು ತಂದಿದ್ದರು. ಮಹಾವೀರ್ ಅದೇ ವರ್ಷ ನವೆಂಬರ್‌ನಲ್ಲಿ ಸತ್ತು ಬಿದ್ದಿತ್ತು. ಸುಂದರಿ ಜನರನ್ನು ಕೊಂದಿತು ಎಂದು ಹಳ್ಳಿಗಳು ಸಿಡಿದೆದ್ದವು. ಅದನ್ನು ಆವರಣದಲ್ಲಿಟ್ಟು, ಕೊನೆಗೆ 2021ರಲ್ಲಿ ವಾಪಸ್ ಕಳಿಸಿದರು. ಕಾಡಂಚಿನ ಜನರನ್ನು ಕೇಳದೆ, ಬೇಟೆ ಪ್ರಾಣಿ ಸಾಕಷ್ಟಿದೆಯೇ ನೋಡದೆ ಹುಲಿ ತಂದರೆ ಜೀನ್‌ಗಳ ಲೆಕ್ಕ ಎಷ್ಟೇ ಸರಿಯಿದ್ದರೂ ನಿಲ್ಲುವುದಿಲ್ಲ. ಜೀನತ್ ಬಂಗಾಳದ ಹಳ್ಳಿಗಳ ಪಕ್ಕದಲ್ಲಿ ಓಡಾಡುತ್ತಿದ್ದಾಗ ಯಾರ ಪ್ರಾಣವೂ ಹೋಗಲಿಲ್ಲ ಅನ್ನುವುದು ಸಮಾಧಾನ. ಮುಂದಿನ ಸಲವೂ ಹಾಗೇ ಆಗುತ್ತದೆ ಎಂದು ನಂಬಿ ಕೂರುವಂತಿಲ್ಲ.

ಬಣ್ಣದ ಆಸೆ

2024ರ ಜನವರಿಯಲ್ಲಿ ಆಗಿನ ಒಡಿಶಾ ಸರ್ಕಾರ ಸಿಮಿಲಿಪಾಲ್ ಪಕ್ಕದ ಬಾರಿಪದಾ ಬಳಿ ಕಪ್ಪು ಹುಲಿಗಳ ಸಫಾರಿ ಮಾಡುವುದಾಗಿ ಪ್ರಕಟಿಸಿತು. ಪ್ರವಾಸಿಗರು ಬರುತ್ತಾರೆ, ಊರಿಗೆ ಆದಾಯವಾಗುತ್ತದೆ. ಆ ಆಸೆಯಲ್ಲಿ ತಪ್ಪಿಲ್ಲ. ಆದರೆ ಬಣ್ಣದ ಬೆನ್ನು ಹತ್ತಿದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತಿದೆ. 1951ರಲ್ಲಿ ಮಧ್ಯಪ್ರದೇಶದ ರೇವಾದ ಕಾಡಿನಲ್ಲಿ ಮೋಹನ್ ಎಂಬ ಬಿಳಿ ಹುಲಿಮರಿಯನ್ನು ಹಿಡಿದರು. ಬಿಳಿ ಮರಿ ಬೇಕು ಎಂದು ಮೋಹನ್‌ನನ್ನು ಅದರ ಮಗಳ ಜೊತೆಗೇ ಕೂಡಿಸಿದರು. ಆಮೇಲೂ ಮೃಗಾಲಯಗಳಲ್ಲಿ ಇದೇ ರೀತಿ ನಡೆಯಿತು. ಮೆಳ್ಳೆಗಣ್ಣು ಮತ್ತಿತರ ದೋಷಗಳು ಬಿಳಿ ಹುಲಿಗಳ ಜೊತೆಗೇ ಬಂದವು.

ಸಿಮಿಲಿಪಾಲ್‌ನಲ್ಲಿ ಯಾರೂ ಹುಲಿಗಳನ್ನು ಬೇಕೆಂದೇ ಹಾಗೆ ಕೂಡಿಸುತ್ತಿಲ್ಲ. ಆದರೂ ಒಂದು ಇಕ್ಕಟ್ಟು ಇದೆ. ತಡೋಬಾದ ಹೆಣ್ಣು ಹುಲಿಯಲ್ಲಿ ಬದಲಾದ ಟ್ಯಾಕ್‌ಪೆಪ್ ಇಲ್ಲ ಎಂದಾದರೆ, ಅದು ಕಪ್ಪು ಗಂಡಿನ ಜೊತೆ ಕೂಡಿದರೂ ಮರಿಗಳೆಲ್ಲ ಮಾಮೂಲಿ ಪಟ್ಟೆಯವೇ ಆಗುತ್ತವೆ. ಪ್ರತಿ ಮರಿಯಲ್ಲೂ ಬದಲಾದ ಒಂದು ಪ್ರತಿ ಇರುತ್ತದೆ, ಆದರೆ ಬಣ್ಣ ಕಾಣುವುದಿಲ್ಲ. ಹೀಗೆ ಪ್ರಯೋಗ ಗೆದ್ದಷ್ಟೂ ಕಪ್ಪು ಹುಲಿಗಳ ಪಾಲು ಇಳಿಯುತ್ತದೆ. ಪೂರ್ತಿ ಮಾಯವಾಗುವುದಿಲ್ಲ. ಮುಂದೊಂದು ತಲೆಮಾರಿನಲ್ಲಿ ಎರಡು ಪ್ರತಿ ಸೇರಿದಾಗ ಮತ್ತೆ ಹುಟ್ಟುತ್ತವೆ. ಆದರೆ ಪ್ರವಾಸೋದ್ಯಮಕ್ಕೆ ಇದು ಸಿಹಿಸುದ್ದಿ ಅಲ್ಲ. ಇದನ್ನು ಜನರಿಗೆ ಈಗಲೇ ಬಿಡಿಸಿ ಹೇಳದಿದ್ದರೆ, ನಾಳೆ ಕಪ್ಪು ಮರಿಗಳು ಕಡಿಮೆಯಾದಾಗ ಯೋಜನೆಯೇ ಸೋತಿತು ಎಂದು ಗಲಾಟೆ ಏಳುತ್ತದೆ.

ದಾರಿ ಇದ್ದರೆ ಲಾರಿ ಬೇಡ

ಸಿಮಿಲಿಪಾಲ್ 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ನಮ್ಮ ಬಂಡೀಪುರವೂ ಅದೇ ಪಟ್ಟಿಯಲ್ಲಿತ್ತು. ಐವತ್ತು ವರ್ಷದ ಮೇಲೆ ಎರಡರ ಸ್ಥಿತಿ ಎಷ್ಟು ಬೇರೆ! ಬಂಡೀಪುರಕ್ಕೆ ನಾಗರಹೊಳೆ, ವಯನಾಡು, ಮುದುಮಲೈ, ಸತ್ಯಮಂಗಲ, ಬಿಳಿಗಿರಿರಂಗನ ಬೆಟ್ಟ ಎಲ್ಲವೂ ಅಂಟಿಕೊಂಡಿವೆ. ಪ್ರಾಯಕ್ಕೆ ಬಂದ ಗಂಡು ಹುಲಿ ಹುಟ್ಟಿದ ಜಾಗ ಬಿಟ್ಟು ನಡೆದೇ ಹೋಗಿ ಬೇರೆ ಕಡೆ ಮನೆ ಮಾಡಬಹುದು. ಯಾರೂ ಅರಿವಳಿಕೆ ಕೊಟ್ಟು ಲಾರಿಯಲ್ಲಿ ಸಾಗಿಸಬೇಕಿಲ್ಲ. 2022ರಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂಬ ಲೆಕ್ಕಕ್ಕಿಂತ ಈ ಅಂಟು ದೊಡ್ಡ ಆಸ್ತಿ.

ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ಇರುವ ರಾತ್ರಿ ಸಂಚಾರ ನಿಷೇಧವನ್ನು ತೆಗೆಯಿರಿ ಎಂಬ ಕೂಗು ಆಗಾಗ ಏಳುತ್ತದೆ. ಚರ್ಚೆ ಯಾವಾಗಲೂ ವಾಹನಕ್ಕೆ ಸಿಕ್ಕು ಎಷ್ಟು ಪ್ರಾಣಿ ಸಾಯುತ್ತವೆ ಎಂಬಲ್ಲಿಗೆ ನಿಲ್ಲುತ್ತದೆ. ಸಾಯದೆ, ಹೆದರಿ ರಸ್ತೆ ದಾಟದೇ ಉಳಿದ ಪ್ರಾಣಿಗಳ ಲೆಕ್ಕ ಯಾರೂ ಕೇಳುವುದಿಲ್ಲ. ಒಂದು ಕಾಡಿನ ಜೀನ್ ಇನ್ನೊಂದಕ್ಕೆ ಹೋಗುವುದು ನಿಲ್ಲುವುದೇ ಹಾಗೆ. ಉತ್ತರ ಕನ್ನಡದ ಕಾಡು ಸೀಳುವ ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ಚರ್ಚೆಯಲ್ಲೂ ಕಡಿಯುವ ಮರಗಳ ಸಂಖ್ಯೆಯ ಜೊತೆಗೆ ಈ ಪ್ರಶ್ನೆ ಬರಬೇಕು. ರಸ್ತೆ ಬೇಡವೇ ಬೇಡ ಎಂದೇನೂ ಅಲ್ಲ. ಪೆಂಚ್ ಕಾಡಿನ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಪ್ರಾಣಿಗಳು ದಾಟಲಿ ಎಂದು ರಸ್ತೆಯನ್ನೇ ಎತ್ತರಿಸಿ ಕೆಳಗೆ ದಾರಿ ಬಿಟ್ಟಿದ್ದಾರೆ. ಹುಲಿಗಳು ಅದನ್ನು ಬಳಸುತ್ತಿರುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ಖರ್ಚು ಜಾಸ್ತಿ, ಆದರೆ ಕೆಲಸ ಮಾಡುತ್ತದೆ.

ಸಿಮಿಲಿಪಾಲ್‌ಗೆ ಅಂಥ ದಾರಿ ಸದ್ಯಕ್ಕಿಲ್ಲ. ಆದರೆ ಜೀನತ್ ಮೂರು ರಾಜ್ಯ ಸುತ್ತಿ ಒಂದು ವಿಷಯ ತೋರಿಸಿಕೊಟ್ಟಿತು. ಜಾರ್ಖಂಡ್ ಮತ್ತು ಬಂಗಾಳದ ಆ ಚೂರು ಚೂರು ಕಾಡುಗಳಲ್ಲಿ ಹುಲಿ ಇನ್ನೂ ನಡೆಯಬಲ್ಲದು. ಅವುಗಳನ್ನು ಜೋಡಿಸಲು ದಶಕಗಳು ಬೇಕು. ಅಲ್ಲಿಯ ತನಕ ಕೆಲವು ವರ್ಷಕ್ಕೊಮ್ಮೆ ಹೊರಗಿನ ಹೆಣ್ಣು ಹುಲಿಯನ್ನು ತರುವುದು ಬಿಟ್ಟು ಬೇರೆ ಉಪಾಯ ಕಾಣುತ್ತಿಲ್ಲ. 2025ರಲ್ಲಿ ಸಿಮಿಲಿಪಾಲ್‌ನ 845 ಚದರ ಕಿಲೋಮೀಟರ್ ಭಾಗ ರಾಷ್ಟ್ರೀಯ ಉದ್ಯಾನವಾಯಿತು. ಒಳಗಿನ ಕಾವಲಿಗೆ ಅದು ಸಹಾಯ ಮಾಡುತ್ತದೆ, ಹೊರಗಿನ ದಾರಿಗೆ ಅಲ್ಲ.

ಹುಲಿ ಗಣತಿ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 2022ರ ನಂತರದ್ದು 2026ರದು. ಅದರ ವರದಿಯಲ್ಲಿ ಸಿಮಿಲಿಪಾಲ್‌ನ ಒಟ್ಟು ಸಂಖ್ಯೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಜೊತೆ ಇನ್ನೆರಡು ವಿಷಯ ಹುಡುಕಿ ನೋಡಬೇಕು. ತಡೋಬಾದ ಹೆಣ್ಣುಗಳಿಗೆ ಹುಟ್ಟಿದ ಎಷ್ಟು ಮರಿಗಳು ಪ್ರಾಯಕ್ಕೆ ಬಂದಿವೆ? ಆ ಕಾಡಿನ ಹುಲಿಗಳ ಹಿಕ್ಕೆಯಿಂದ ತೆಗೆದ ಡಿಎನ್‌ಎಯಲ್ಲಿ ಹಿಂದೆ ಇಲ್ಲದಿದ್ದ ಜೀನ್‌ಗಳು ಕಾಣಿಸುತ್ತಿವೆಯೇ?